ಬೇಸ್ ಗಿಟಾರಿನ ಕೊಡ

ಪ್ರೀತಿಯ ಗೆಳೆಯಾ,

ಸಾಗರದಲ್ಲಿ ಮಳೆ ಹಿಡಿದು ಕೂತಿದ್ದರೂ ನಿಮ್ಮ ಭಾನುವಾರದ ಜ್ಯಾಮ್ ತಪ್ಪುತ್ತಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಆದ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ. ತಬಲಾ, ಹಾರ್ಮೋನಿಯಂ, ಡ್ರಮ್ಸ್, ರಸಮಂಜರಿ ತಂಡದಿಂದ ಬಿಡುವು ಮಾಡಿಕೊಂಡು ಬರುವ ಕೀಬೋರ್ಡ್, ಜೊತೆಗೆ ನೀನು! ಇಲ್ಲಿ ಬೆಂಗಳೂರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೋಣೆ ಹಿಡಿದರೂ ಅಷ್ಟು ಜನ ಒಟ್ಟಿಗೆ ಸಿಗುವುದು ಅಪರೂಪ.

ಇನ್ನು ನಿನ್ನ ಪ್ರಶ್ನೆ. ಡ್ರಮ್ಸ್ ಶುರುವಾದ ಕೂಡಲೇ ನಿನ್ನ ಬೇಸ್ ಮುಳುಗಿಹೋಗುತ್ತದೆ, ಆಂಪ್‌ನ (ಆಂಪ್ಲಿಫೈಯರ್‌ನ) ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ದನಿ ಒಡೆಯುತ್ತದೆ, 500 ವಾಟ್‌ನ ಹೊಸ ಆಂಪ್ ಕೊಳ್ಳಲೇ ಎಂದು ಕೇಳಿದ್ದೀಯ. ಕೊಳ್ಳಬೇಡ. ಒಂದು ಸ್ಪೀಕರ್ ಪೆಟ್ಟಿಗೆ ಕಟ್ಟು. ಇದೇ ಪ್ರಶ್ನೆಯನ್ನು ಬೇರೆ ಊರುಗಳ ಗೆಳೆಯರೂ ಕೇಳುತ್ತಿರುತ್ತಾರೆ, ಆದ್ದರಿಂದ ನಿನಗೆ ಬರೆಯುವುದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ಬೇಸ್ ಗಿಟಾರಿಗೆ ಇರುವುದು ಒಂದು ಗಟ್ಟಿ ಹಲಗೆ ಮಾತ್ರ. ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಶನ್ ಬೇಸನ್ನು ಮಾರುಕಟ್ಟೆಗೆ ತಂದಾಗ, ಆಳೆತ್ತರದ ಡಬಲ್ ಬೇಸಿನ ಟೊಳ್ಳು ಒಡಲನ್ನು ತೆಗೆದುಹಾಕಿ ಆ ಕೆಲಸವನ್ನು ಆಂಪ್ ಮತ್ತು ಸ್ಪೀಕರ್ ಪೆಟ್ಟಿಗೆಗೆ ಒಪ್ಪಿಸಿದರು. ಅಂದಿನಿಂದ ಪೆಟ್ಟಿಗೆಯೇ ಈ ವಾದ್ಯದ ಕೊಡ. ನಾವು ಗಿಟಾರನ್ನು ವರ್ಷಗಟ್ಟಲೆ ಹುಡುಕಿ, ತಡವಿ, ನುಡಿಸಿ ನೋಡಿ ಕೊಳ್ಳುತ್ತೇವೆ, ಕೊಡದ ಬಗ್ಗೆ ಮಾತ್ರ ಯೋಚಿಸುವುದೇ ಇಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡ. ವೀಣೆಯಲ್ಲಿ ಮರವೇ ಮಿಡಿಯಬೇಕು. ಸ್ಪೀಕರ್ ಪೆಟ್ಟಿಗೆಯಲ್ಲಿ ಮರ ಅಲುಗಲೇಬಾರದು, ಒಳಗಿನ ಗಾಳಿ ಮಾತ್ರ ಮಿಡಿಯಬೇಕು.

ವಾಟ್‌ನ ಲೆಕ್ಕ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ವಿದ್ಯುತ್ತನ್ನು ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಪ್ರತಿ ಸ್ಪೀಕರಿನ ವಿವರಪಟ್ಟಿಯಲ್ಲೂ ಸಂವೇದನಾಶೀಲತೆ ಎಂಬ ಒಂದು ಅಂಕಿ ಇರುತ್ತದೆ: 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳಿಸುತ್ತದೆ ಎಂಬುದು. 90 ಡೆಸಿಬೆಲ್‌ನ ಸ್ಪೀಕರಿಗೆ 100 ವಾಟ್ ಕೊಟ್ಟರೆ ಬರುವ 110 ಡೆಸಿಬೆಲ್, 97 ಡೆಸಿಬೆಲ್‌ನ ಸ್ಪೀಕರಿಗೆ 20 ವಾಟ್ ಕೊಟ್ಟರೂ ಬರುತ್ತದೆ. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ತೋರಿಸುವುದು ವಾಟನ್ನು. ನೀನು ಸಣ್ಣ ಅಕ್ಷರದ ಈ ಅಂಕಿಯನ್ನು ನೋಡು.

ನಿನ್ನ ಆಂಪ್‌ನೊಳಗೆ ಇರುವುದು 8 ಇಂಚಿನ ಸ್ಪೀಕರ್. ನಿನ್ನ ಅತಿ ದಪ್ಪ ತಂತಿಯ ಸ್ವರ 41 ಹರ್ಟ್ಜ್ (ಸೆಕೆಂಡಿಗೆ 41 ಕಂಪನ), ಅದರ ಅಲೆಯ ಉದ್ದ 8 ಮೀಟರಿಗಿಂತ ಹೆಚ್ಚು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರು ಕೇಳಿಸಲು ಸ್ಪೀಕರಿನ ಕೋನ್, ಅಂದರೆ ದನಿ ಹೊರಡಿಸುವ ಶಂಕುವಿನಾಕಾರದ ಪೊರೆ, ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಓಡಬೇಕು. ಆ ಚಿಕ್ಕ ಕೋನ್‌ಗೆ ಅಷ್ಟು ಜಾಗವಿಲ್ಲ, ಅದಕ್ಕೇ ದನಿ ಒಡೆಯುತ್ತದೆ. 12 ಇಂಚಿನ ಕೋನ್‌ನ ಹರಹು 8 ಇಂಚಿನದಕ್ಕಿಂತ ಸುಮಾರು ಎರಡೂವರೆ ಪಟ್ಟು. ನಿನ್ನ ಆಂಪ್‌ನ ಹಿಂಬದಿಯಲ್ಲಿ ಹೊರಗಿನ ಸ್ಪೀಕರ್ ಜೋಡಿಸುವ ಕಿಂಡಿ ಇರುವುದು ನಿನ್ನ ಅದೃಷ್ಟ. ಸ್ಪೀಕರಿನ ವಿದ್ಯುತ್ ತಡೆ ಎಷ್ಟು ಓಮ್‌ಗಿಂತ ಕೆಳಗೆ ಹೋಗಬಾರದು ಎಂದು ಅಲ್ಲೇ ಮುದ್ರಿಸಿರುತ್ತಾರೆ, ಅದಕ್ಕಿಂತ ಕೆಳಗಿಳಿಯಬೇಡ.

ಹಾಗೆಂದು 41 ಹರ್ಟ್ಜ್ ಪೂರ್ತಿ ಬರಲೇಬೇಕು ಎಂಬ ಹಟವೂ ಬೇಡ. 1969ರಿಂದ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನಿಂತಿರುವ ಆಂಪೆಗ್ ಕಂಪನಿಯ ಎಂಟು ಸ್ಪೀಕರಿನ ಬೀರುವಿನಂಥ ಪೆಟ್ಟಿಗೆಯ ವಿಷಯವನ್ನೇ ತೆಗೆದುಕೋ. ಅದರ 810ಇ ಮಾದರಿಯ ವಿವರಪಟ್ಟಿಯ ಪ್ರಕಾರ 58 ಹರ್ಟ್ಜ್‌ನಲ್ಲೇ ದನಿ 3 ಡೆಸಿಬೆಲ್ ಇಳಿದಿರುತ್ತದೆ, 40ಕ್ಕೆ ಬರುವಷ್ಟರಲ್ಲಿ 10 ಡೆಸಿಬೆಲ್ ಇಳಿದಿರುತ್ತದೆ. ಆದರೂ ಅದನ್ನು ಕೇಳಿ ಆಳ ಸಾಲದು ಎಂದವರಿಲ್ಲ. ಮೂಲ ಸ್ವರ ಮಂದವಾಗಿದ್ದರೂ ಅದರ ಮೇಲಿನ ಅನುಸ್ವರಗಳು (ಮೂಲದ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಸ್ವರಗಳು) ಸ್ಪಷ್ಟವಾಗಿದ್ದರೆ ಮೂಲವನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ.

ನಿಮ್ಮೂರಿನ ಧ್ವನಿವರ್ಧಕದ ಅಂಗಡಿಯವರು ಡಿಜೆ ಬಾಕ್ಸ್ ಮಾಡಿಸಿಕೊಡುತ್ತೇವೆ ಎಂದಿದ್ದಾರಂತೆ. ಅವರ ಕೈಕೆಲಸದ ಮೇಲೆ ನನಗೆ ಗೌರವವಿದೆ. ಗಣೇಶನ ಮೆರವಣಿಗೆಯಲ್ಲಿ ಎದೆ ನಡುಗಿಸಲು ಆ ಪೆಟ್ಟಿಗೆ ಸರಿ. ಆದರೆ ಅದು ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಉಬ್ಬಿ ಗುಡುಗುವಂತೆ ಕಟ್ಟಿದ್ದು. ಅದರಲ್ಲಿ ನೀನು ಷಡ್ಜ ನುಡಿಸಿದರೂ ರಿಷಭ ನುಡಿಸಿದರೂ ಒಂದೇ 'ಧುಂ' ಕೇಳಿಸುತ್ತದೆ. ನಮಗೆ ಬೇಕಾದದ್ದು ಪ್ರತಿ ಸ್ವರವೂ ಸಮತೂಕದಲ್ಲಿ, ಬೇರೆಬೇರೆಯಾಗಿ ಕೇಳಿಸುವ ಪೆಟ್ಟಿಗೆ.

ಅದಕ್ಕೆ ಊಹೆ ಸಾಲದು, ಲೆಕ್ಕ ಬೇಕು. ಪುಣ್ಯಕ್ಕೆ ಲೆಕ್ಕವನ್ನು ಹಿರಿಯರು ಮಾಡಿಟ್ಟಿದ್ದಾರೆ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಅವರ ದಾರಿಯಲ್ಲೇ ಮುಂದುವರಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಲೇಖನಗಳಿಂದ, ಸ್ಪೀಕರಿನ ಮೂರು ಅಂಕಿಗಳನ್ನು ನೋಡಿ ಪೆಟ್ಟಿಗೆಯ ಗಾತ್ರವನ್ನು ಹೇಳುವುದು ಸಾಧ್ಯವಾಯಿತು. ಸ್ಪೀಕರ್ ತಾನಾಗಿ ಮಿಡಿಯುವ ಆವರ್ತನ, ಆ ಮಿಡಿತಕ್ಕೆ ಎಷ್ಟು ಕಡಿವಾಣವಿದೆ ಎಂದು ಹೇಳುವ ಕ್ಯೂಟಿಎಸ್, ಮತ್ತು ಕೋನ್‌ನ ಹಿಡಿತದಷ್ಟೇ ಪುಟಿಯುವ ಗಾಳಿಯ ಗಾತ್ರವನ್ನು ಹೇಳುವ, ವ್ಯಾಸ್ ಎಂದು ಕರೆಯುವ ಲೀಟರಿನ ಅಂಕಿ. ಈ ಮೂರನ್ನು ಮುದ್ರಿಸದ ಸ್ಪೀಕರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಪೀಕರ್ ಅಂಗಡಿಗಳು ಸಾಲಾಗಿವೆ, ನಾನೇ ಹೋಗಿ ವಿವರಪಟ್ಟಿಗಳನ್ನು ನೋಡಿ ಬರುತ್ತೇನೆ.

ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. 12 ಇಂಚಿನ ಸ್ಪೀಕರಿನ ಆವರ್ತನ 45 ಹರ್ಟ್ಜ್, ಕ್ಯೂಟಿಎಸ್ 0.38, ವ್ಯಾಸ್ 80 ಲೀಟರ್ ಎಂದುಕೋ. ಥೀಲ್ ಕೊಟ್ಟ ಒಂದು ಹೊಂದಾಣಿಕೆಯ ಪ್ರಕಾರ ಪೆಟ್ಟಿಗೆಯೊಳಗಿನ ಗಾಳಿ ಸುಮಾರು 57 ಲೀಟರ್ ಇರಬೇಕು, ಆ ಗಾಳಿ ತಾನಾಗಿ ಮಿಡಿಯುವ ಶ್ರುತಿಯೂ 45 ಹರ್ಟ್ಜ್‌ಗೆ ಕೂರಬೇಕು. ಸ್ಪೀಕರಿನ ಹಿಂಭಾಗ, ಕೊಳವೆ, ಅಡ್ಡಕಂಬಿಗಳು ನುಂಗುವ ಜಾಗಕ್ಕೆಂದು 7 ಲೀಟರ್ ಸೇರಿಸಿದರೆ ಒಳ ಅಳತೆ 50, 36, 36 ಸೆಂಟಿಮೀಟರ್. ಶ್ರುತಿ ಕೂರಿಸುವುದು ಮುಂಭಾಗದ ಕೊಳವೆಯಿಂದ. ಈ ಉಪಾಯಕ್ಕೆ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲೇ ಪೇಟೆಂಟ್ ಪಡೆದಿದ್ದರು. ನಮಗೆ ನಲ್ಲಿ ಸಾಮಾನಿನ ಅಂಗಡಿಯ 4 ಇಂಚಿನ ಪಿವಿಸಿ ಕೊಳವೆಯೇ ಸಾಕು. ಒಳವ್ಯಾಸ 10 ಸೆಂಟಿಮೀಟರ್ ಇದ್ದರೆ ಉದ್ದ ಸುಮಾರು 13 ಸೆಂಟಿಮೀಟರ್ ಬರುತ್ತದೆ. ಮೊದಲು 16 ಸೆಂಟಿಮೀಟರಿಗೆ ಕತ್ತರಿಸು. ಕೊಳವೆ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ, ತುಸುತುಸುವೇ ಕೊಯ್ದು ಏರಿಸಿಕೊಳ್ಳಬಹುದು.

ಶ್ರುತಿ ಕೂತಿದೆಯೇ ಎಂದು ನೋಡುವ ಬಗೆ ನನಗೆ ಬಹಳ ಇಷ್ಟ. ಮೊಬೈಲಿನಲ್ಲಿ ಶುದ್ಧ ಸ್ವರ ಹೊರಡಿಸುವ ಆಪ್ ಹಾಕಿ 70 ಹರ್ಟ್ಜ್‌ನಿಂದ ನಿಧಾನವಾಗಿ ಇಳಿಸುತ್ತಾ ಬಾ. ಕೋನ್ ಎಷ್ಟು ಓಡುತ್ತಿದೆ ಎಂದು ಬೆರಳ ತುದಿಯಿಂದ ಮುಟ್ಟಿ ನೋಡುತ್ತಿರು. ಒಂದು ಕಡೆ ಕೋನ್ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಕೊಳವೆಯ ಬಾಯಿಯಿಂದ ಮಾತ್ರ ಗಾಳಿ ಜೋರಾಗಿ ಮಿಡಿಯುತ್ತದೆ. ಅದೇ ಪೆಟ್ಟಿಗೆಯ ಶ್ರುತಿ. ಅದರ ಕೆಳಗೆ ಹೋದರೆ ಕೋನ್‌ಗೆ ತಡೆಯೇ ಇಲ್ಲದೆ ಅಂಕೆ ಮೀರಿ ಓಡುತ್ತದೆ, ಆದ್ದರಿಂದ 35 ಹರ್ಟ್ಜ್‌ಗಿಂತ ಕೆಳಗಿನದನ್ನು ಸೋಸುವ ಫಿಲ್ಟರ್ ಒಂದಿದ್ದರೆ ಒಳ್ಳೆಯದು.

ಮರದ ವಿಷಯದಲ್ಲಿ ಮಲೆನಾಡಿನವನಾದ ನೀನು ಜಿಪುಣತನ ಮಾಡಬಾರದು. ಆಷಾಢದ ತೇವಕ್ಕೆ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಉಬ್ಬಿ ಅಂಚು ಬಿಡುತ್ತದೆ. ಐಎಸ್ 710 ಎಂದು ಮುದ್ರೆಯೊತ್ತಿದ ನೀರು ತಡೆಯುವ ಪ್ಲೈವುಡ್ ಕೇಳು. ಬಡಗಿ 18 ಮಿಲಿಮೀಟರ್ ತೆಗೆದುಕೊಳ್ಳಿ ಎನ್ನುತ್ತಾರೆ, 12 ಸಾಕು, ತೂಕ ಮೂರರಲ್ಲೊಂದು ಪಾಲು ಉಳಿಯುತ್ತದೆ. ಆದರೆ ಒಳಗೆ ಎದುರುಬದುರು ಹಲಗೆಗಳನ್ನು ಸೇರಿಸುವ ಅಡ್ಡಕಂಬಿಗಳನ್ನು ಬಿಡಬೇಡ. ಕೂಡಿಸಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡು, ಡೋಲಿನಂತೆ ದನಿ ಬಂದ ಜಾಗಕ್ಕೆ ಇನ್ನೊಂದು ಕಂಬಿ ಹಾಕು. ಎಲ್ಲ ಮೂಲೆಗಳ ಒಳಗೂ ಅಂಟನ್ನು ಧಾರಾಳವಾಗಿ ಹಚ್ಚಿಸು. ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು, ಮಂದ್ರದ ಸ್ವರವೊಂದನ್ನು ಹಾಕಿ ಊದುಬತ್ತಿಯನ್ನು ಸಂದುಗಳ ಉದ್ದಕ್ಕೂ ಒಯ್ಯಿ. ಹೊಗೆಯ ಎಳೆ ನಡುಗಿದ ಕಡೆ ಬಿರುಕಿದೆ.

ಇಷ್ಟೆಲ್ಲ ಮಾಡಿದ ಮೇಲೆ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದರ ಮುಂದೆಯೇ ನಿಂತರೆ ಶ್ರಮ ವ್ಯರ್ಥ. ಮೇಲಿನ ಸ್ವರಗಳು ನೇರವಾಗಿ ಹೋಗುತ್ತವೆ, ಅವು ನಿನ್ನ ಮೊಣಕಾಲಿಗೆ ಬಡಿದು ನಿಲ್ಲುತ್ತವೆ. ಎತ್ತರದ ಸ್ಟೂಲಿನ ಮೇಲೆ ಇಡು. ಕೋಣೆಯನ್ನೂ ಅಳೆ. ನಿಮ್ಮ ಕೋಣೆ 13 ಅಡಿ ಉದ್ದ ಎಂದಿದ್ದೆ, ಅಂದರೆ 4 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 43 ಹರ್ಟ್ಜ್, ಕೋಣೆ ತಾನೇ ಮಿಡಿಯುವ ಸ್ವರ ಅದು. ದಪ್ಪ ತಂತಿಯ ಮೊದಲ ಮನೆಯ (ಫ್ರೆಟ್‌ನ) ಎಫ್ ಸ್ವರ ಹೆಚ್ಚುಕಡಿಮೆ ಅಲ್ಲೇ ಇದೆ. ಗೋಡೆಯ ಬಳಿ ಕೂತವರಿಗೆ ಆ ಸ್ವರ ಗುಡುಗುತ್ತದೆ, ಕೋಣೆಯ ನಡುವೆ ಕೂತ ತಬಲಾದವರಿಗೆ ಕೇಳಿಸುವುದೇ ಇಲ್ಲ. 'ಒಂದೊಂದು ಸ್ವರ ಮಾತ್ರ ಮಾಯವಾಗುತ್ತದೆ' ಎಂದು ಅವರು ದೂರುತ್ತಾರೆ ಎಂದಿದ್ದೆಯಲ್ಲ, ಅವರ ಕಿವಿ ಸರಿಯಾಗಿಯೇ ಇದೆ. ಅವರನ್ನು ಎರಡು ಹೆಜ್ಜೆ ಸರಿದು ಕೂರಲು ಹೇಳು.

ಇನ್ನು ನುಡಿಸುವ ಮಾತು. ನಿಮ್ಮ ಜ್ಯಾಮ್‌ನಲ್ಲಿ ಭಾವಗೀತೆ, ಇಳಯರಾಜಾ ಅವರ ಹಾಡುಗಳು, ನಡುವೆ ಹಾರ್ಮೋನಿಯಂ ಮೇಷ್ಟ್ರ ರಾಗ, ಎಲ್ಲವೂ ಬರುತ್ತವೆ. ಬೇಸ್ ಕಲಿತವರ ಕೈ ತಾನಾಗಿ ಮೂಲಸ್ವರ ಮತ್ತು ಪಂಚಮಕ್ಕೆ ಹೋಗುತ್ತದೆ. ಮೇಷ್ಟ್ರು ಹಿಂದೋಳ ಎತ್ತಿಕೊಂಡಾಗ ಆ ಚಾಳಿಯನ್ನು ಬಿಡಬೇಕು. ಆ ರಾಗದಲ್ಲಿ ಪಂಚಮವೇ ಇಲ್ಲ, ಮಧ್ಯಮಕ್ಕೆ ಹೋಗು. ಮೋಹನದಲ್ಲಿ ಪಂಚಮ ಇದೆ, ಮಧ್ಯಮ ಇಲ್ಲ. ಕೀಬೋರ್ಡಿನವರು ಸಿನಿಮಾ ಹಾಡಿನ ಅಭ್ಯಾಸದಲ್ಲಿ ನಾಲ್ಕನೆಯ ಸ್ವರದ, ಅಂದರೆ ಮಧ್ಯಮದ, ಮೇಲೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹಿಡಿದರೂ ನೀನು ಅವರ ಹಿಂದೆ ಹೋಗಬೇಡ, ಷಡ್ಜದಲ್ಲೇ ನಿಲ್ಲು. ಅಷ್ಟು ಕೆಳಗಿನ ದನಿಯಲ್ಲಿ ಒಂದು ಹೊರಗಿನ ಸ್ವರ ಬಿದ್ದರೆ ಇಡೀ ರಾಗದ ಮುಖವೇ ಬದಲಾಗುತ್ತದೆ. ಮೇಷ್ಟ್ರ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಕೀಲಿ) ಎಂದೆಯಲ್ಲ, ನಿನ್ನ ಮೂರನೆಯ ತಂತಿಯ ನಾಲ್ಕನೆಯ ಮನೆಯಲ್ಲಿ ಆ ಷಡ್ಜವಿದೆ, ಸುಮಾರು 69 ಹರ್ಟ್ಜ್. ಅದಕ್ಕಿಂತ ದಪ್ಪ ತಂತಿಯ ಅದೇ ಮನೆಯಲ್ಲಿ ಮಂದ್ರ ಪಂಚಮ, 52. ಎರಡೂ ನಿನ್ನ ಪೆಟ್ಟಿಗೆಯ ಶ್ರುತಿಗಿಂತ ಮೇಲಿವೆ. ಅಂದರೆ ಮೇಷ್ಟ್ರ ಜೊತೆ ನುಡಿಸುವುದೆಲ್ಲ ಈ ಪೆಟ್ಟಿಗೆಯಲ್ಲಿ ತುಂಬಿಕೊಂಡು ಕೇಳಿಸುತ್ತದೆ.

ಮಿಶ್ರಚಾಪು ಬಂದಾಗ ಏಳನ್ನೂ ತುಂಬಬೇಡ. ತಕಿಟ, ತಕ, ದಿಮಿ ಎಂದು ಒಳಗೇ ಹೇಳಿಕೊಳ್ಳುತ್ತಾ ಒಂದು, ನಾಲ್ಕು, ಆರನ್ನು ಮಾತ್ರ ಮುಟ್ಟು. ಅಷ್ಟರಲ್ಲೇ ಡ್ರಮ್ಸ್‌ನ ಹುಡುಗ ದಾರಿ ಕಂಡುಕೊಳ್ಳುತ್ತಾನೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಬಲಗೈಯ ತೋರುಬೆರಳೊಂದರಿಂದಲೇ ಅಷ್ಟನ್ನೂ ನುಡಿಸಿದವರು. ಅವರ ತಂತಿಗಳು ನಯವಾದ ಚಪ್ಪಟೆ ಸುತ್ತಿನವು. ನೀನೂ ಒಮ್ಮೆ ಅಂಥ ತಂತಿ ಹಾಕಿ ನೋಡು, ತಬಲಾದ ಡಗ್ಗಾದ ಜೊತೆ ಅದು ಎಷ್ಟು ಚೆನ್ನಾಗಿ ಬೆರೆಯುತ್ತದೆ ಎಂದು ನಿನಗೇ ತಿಳಿಯುತ್ತದೆ.

ಈಗೀಗ ರಸಮಂಜರಿ ತಂಡಗಳಲ್ಲಿ ಬೇಸ್ ಗಿಟಾರನ್ನು ಕೈಬಿಟ್ಟು ಕೀಬೋರ್ಡಿನ ಎಡಗೈಗೆ ಆ ಕೆಲಸ ವಹಿಸುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಖರ್ಚಿನ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಹಾಡುಗಾರ ಉಸಿರು ಹಿಡಿದಾಗ ತಾನೂ ಸ್ವರವನ್ನು ಹಿಡಿದಿಟ್ಟು, ಆತ ಬಿಟ್ಟಾಗ ತಾನೂ ಬಿಡುವ ಒಬ್ಬ ಮನುಷ್ಯ ಅಲ್ಲಿ ಇಲ್ಲವಾಗುತ್ತಾನೆ. ಬೆಂಗಳೂರಿನಲ್ಲಿ 1996ರಲ್ಲಿ ಸ್ವಾತಂತ್ರ್ಯ ದಿನದ ಆಸುಪಾಸಿಗೆ ಶುರುವಾದ ಫ್ರೀಡಂ ಜ್ಯಾಮ್‌ನಂಥ ಉಚಿತ ಮೇಳಗಳು ಹವ್ಯಾಸಿಗಳಿಗೆ ವೇದಿಕೆ ಕೊಟ್ಟವು. ಸಾಗರದಂಥ ಊರಿನಲ್ಲಿ ನಿಮ್ಮ ಭಾನುವಾರದ ಕೋಣೆಯೇ ಆ ವೇದಿಕೆ. ಶಾಲೆಯ ಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ.

ಎರಡು ಎಚ್ಚರಿಕೆ. 100 ಡೆಸಿಬೆಲ್‌ನಲ್ಲಿ ಕಿವಿಗೆ ಕ್ಷೇಮವೆನ್ನಬಹುದಾದ ಹೊತ್ತು ದಿನಕ್ಕೆ 15 ನಿಮಿಷ ಮಾತ್ರ, ಎಲ್ಲರೂ ಕಿವಿಗೆ ಪ್ಲಗ್ ಹಾಕಿಕೊಳ್ಳಿ. ರಾತ್ರಿ ಹತ್ತಕ್ಕೆ ನಿಲ್ಲಿಸಿ. ಕಾನೂನಿನ ಮಾತು ಹಾಗಿರಲಿ, ಮಂದ್ರದ ಸ್ವರ ಗೋಡೆಯನ್ನು ದಾಟಿ ಪಕ್ಕದ ಮನೆಯ ಮಂಚದವರೆಗೆ ಹೋಗುತ್ತದೆ.

ಸ್ಪೀಕರನ್ನು ಆರಿಸಿದ ಕೂಡಲೇ ಲೆಕ್ಕ ಹಾಕಿ ಹಲಗೆ ಕತ್ತರಿಸುವ ನಕ್ಷೆಯನ್ನು ಕಳಿಸುತ್ತೇನೆ. ದಸರಾ ರಜೆಗೆ ನಾನೂ ಬರುತ್ತೇನೆ, ಅಂಟು ಹಚ್ಚುವ ಕೆಲಸವನ್ನು ಅಲ್ಲಿಯವರೆಗೆ ತಡೆದಿಡು. 8 ಅಡಿ, 4 ಅಡಿಯ ಒಂದು ಹಾಳೆಯಲ್ಲಿ ಈ ಅಳತೆಯ ಎರಡು ಪೆಟ್ಟಿಗೆಗಳಿಗೆ ಮರ ಸಿಗುತ್ತದೆ. 8 ಓಮ್‌ನ ಎರಡನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ, ನಿನ್ನ ಆಂಪ್ ಅಷ್ಟನ್ನು ತಾಳುತ್ತದೆಯೇ ಎಂದು ಹಿಂಬದಿ ನೋಡಿ ತಿಳಿಸು. ತಾಳುವುದಾದರೆ ಉಳಿದ ಅರ್ಧ ಹಾಳೆಯನ್ನು ಬಡಗಿಯ ಹತ್ತಿರ ಬಿಟ್ಟು ಬರಬೇಡ.

ಇಂತಿ ನಿನ್ನ ಪ್ರೀತಿಯ
ಗೆಳೆಯ