ಜೋಕಾಲಿಯ ಕೊಂಡಿಗೆ 84 ಬಾಟಲಿ

ಆಪರೇಷನ್ ಆಗಿ ಆರು ತಿಂಗಳಾಯಿತು. ಈ ಸೋಮವಾರದಿಂದ ಶಾಲೆಗೆ ಹೋಗುತ್ತಿದ್ದೇನೆ. ಇಷ್ಟು ದಿನ ಫೋನ್ ಮಾಡಿದವರಿಗೆಲ್ಲ "ಆರಾಮ ಅದೀನ್ರಿ" ಅಂತ ಹೇಳಿ ಇಟ್ಟುಬಿಡುತ್ತಿದ್ದೆ. ಮಲಗಿಕೊಂಡು ಅಷ್ಟುದ್ದ ಕಥೆ ಹೇಳುವ ಶಕ್ತಿ ಇರಲಿಲ್ಲ. ಈಗ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಅಡುಗೆಮನೆವರೆಗೆ ನಡೆದು ಬರಬೇಕು, ಹಾಗಾಗಿ ಮಾತು ಅಲ್ಲಲ್ಲಿ ತುಂಡಾದರೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಹಳೇ ಸೊಂಟನೋವು. ಇಪ್ಪತ್ತೆರಡು ವರ್ಷ ಬೋರ್ಡಿನ ಮುಂದೆ ನಿಂತಿದ್ದಕ್ಕೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಎಂಆರ್‌ಐ ನೋಡಿದ ಡಾಕ್ಟರ್, ಸೊಂಟದ ನಾಲ್ಕನೇ ಮಣಿ ಐದನೆಯದರ ಮೇಲಿಂದ ಮುಂದಕ್ಕೆ ಜಾರಿದೆ, ನರ ಒತ್ತುತ್ತಿದೆ ಅಂದರು. ಕೊನೆಕೊನೆಗೆ ಬಾಗಲಕೋಟೆ ನವನಗರದ ನಮ್ಮ ಮನೆಯಿಂದ ಮೂಲೆಯ ಕಿರಾಣಿ ಅಂಗಡಿಗೆ ಹೋಗುವುದರೊಳಗೆ ಎರಡು ಕಡೆ ಕೂರಬೇಕಾಗುತ್ತಿತ್ತು. ಸಂಕ್ರಾಂತಿ ಮುಗಿಸಿಕೊಂಡು ಬೆಳಗಾವಿಗೆ ಹೋದೆವು. ನಾಲ್ಕು ಟೈಟಾನಿಯಂ ಸ್ಕ್ರೂ, ಎರಡು ರಾಡ್. "ಆಪರೇಷನ್ ಸಕ್ಸಸ್" ಅಂದರು. ಸುಳ್ಳಲ್ಲ. ಕಾಲಿಗೆ ಇಳಿಯುತ್ತಿದ್ದ ನೋವು ಎಚ್ಚರ ಆದಾಗಲೇ ಇರಲಿಲ್ಲ.

ಮೂರನೇ ದಿನ ಎಬ್ಬಿಸಿ ಕೂರಿಸಿದರು. ತಲೆ ಸಿಡಿದು ಹೋಗುತ್ತದೆ ಅನ್ನುವಂಥ ನೋವು, ಮೇಲೆ ವಾಂತಿ. ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರೊಬ್ಬರು "ಚಹಾ ಬಿಟ್ಟಿದ್ದೀರಲ್ಲ, ಅದಕ್ಕೇ" ಅಂದರು. ನಮ್ಮ ಯಜಮಾನರು ಓಡಿಹೋಗಿ ಚಹಾ ತಂದರು. ಅದೂ ವಾಂತಿಯಾಯಿತು. ಮರುದಿನ "ನಿದ್ದೆ ಸಾಲದು" ಅಂದರು.

ಆವತ್ತು ರಾತ್ರಿ ಪಾಳಿಗೆ ಬಂದ ಸಿಸ್ಟರ್ ಒಂದೇ ಒಂದು ಪ್ರಶ್ನೆ ಕೇಳಿದರು. "ಅಕ್ಕಾರ, ಮಲ್ಕೊಂಡಾಗ ತಲಿನೋವು ಇರತೈತೇನ್ರಿ?" ಅಲ್ಲಿಯವರೆಗೆ ನಾನೂ ಗಮನಿಸಿರಲಿಲ್ಲ. ಮಲಗಿದರೆ ಹತ್ತು ನಿಮಿಷದಲ್ಲಿ ಮಾಯ, ಎದ್ದರೆ ಮತ್ತೆ ಶುರು. ಅವರು ನನ್ನನ್ನು ಮಗ್ಗುಲಾಗಿಸಿ ಬೆನ್ನಿನ ಪಟ್ಟಿ ನೋಡಿದರು. ರಕ್ತ ಅಲ್ಲ, ಬರೀ ನೀರು. ಬೆಡ್‌ಶೀಟು ಅಂಗೈಯಗಲ ಒದ್ದೆ. "ಇನ್ನ ಏಳಬ್ಯಾಡ್ರಿ" ಅಂದವರೇ ದೊಡ್ಡ ಡಾಕ್ಟರಿಗೆ ಫೋನ್ ಹಚ್ಚಿದರು. ಆಗ ರಾತ್ರಿ ಎರಡೂವರೆ.

ನರಗಳನ್ನು ಸುತ್ತಿಕೊಂಡಿರುವ ತೆಳ್ಳನೆ ಪೊರೆ ಆಪರೇಷನ್ನಿನಲ್ಲಿ ಹರಿದು ಒಳಗಿನ ನೀರು ಸೋರುತ್ತಿತ್ತಂತೆ. ಮೆದುಳು ತೇಲುವುದು ಆ ನೀರಿನಲ್ಲೇ. ಅದು ಕಡಿಮೆಯಾದರೆ, ಕೂತಾಗ ಮೆದುಳು ಕೆಳಗೆ ಜಗ್ಗುತ್ತದೆ, ಅದಕ್ಕೇ ಆ ತಲೆನೋವು. ಇಂಥ ಆಪರೇಷನ್ನಿನಲ್ಲಿ ಹೀಗೆ ಆಗಬಹುದು ಅಂತ ನಾವು ಸಹಿ ಮಾಡಿದ ಕಾಗದದಲ್ಲೇ ಇತ್ತು. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಚಹಾದ ಮಾತಿಗೆ ಮಾತ್ರ ಇನ್ನೂ ಸ್ವಲ್ಪ ಇದೆ. ಮತ್ತೆ ಒಳಗೆ ಒಯ್ದು ಹೊಲಿಗೆ ಹಾಕಿದರು. ಐದು ದಿನ ತಲೆ ಎತ್ತುವಂತಿಲ್ಲ.

ಆ ಐದು ದಿನ ನನ್ನನ್ನು ನೋಡಿಕೊಂಡ ಆಯಾ ಖಾನಾಪುರದ ಕಡೆಯವರು. ತಲೆ, ಸೊಂಟ, ಕಾಲು ಎಲ್ಲ ಒಟ್ಟಿಗೇ, ತೊಲೆ ಉರುಳಿಸಿದ ಹಾಗೆ ಮಗ್ಗುಲಾಗಿಸುವುದು ಅವರಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ, ಅವರ ಪಾಳಿ ಬರುವವರೆಗೆ ನಾನು ಹೊರಳದೆ ಕಾಯುತ್ತಿದ್ದೆ. ಬೆಡ್‌ಪ್ಯಾನ್ ಕೇಳೋಕೆ ಮುಜುಗರ ಪಟ್ಟರೆ "ನಾಚ್ಕಿ ಯಾತಕ್ಕ ಬಾಯಿ, ನಿಮ್ಮ ತಂಗಿ ಇದ್ದಂಗ ನಾ" ಅನ್ನುತ್ತಿದ್ದರು. ನಾಲ್ಕನೇ ದಿನ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಕತ್ತರಿಸಿ ನನ್ನ ಕತ್ತಿನ ಕೆಳಗೆ ಹಾಸಿದರು, ಅದರ ತುದಿ ಬಕೆಟ್ಟಿಗೆ ಇಳಿಬಿಟ್ಟರು, ಚೊಂಬಿನಿಂದ ಬಿಸಿನೀರು ಹಾಕಿ ಮಲಗಿಸಿಯೇ ತಲೆ ತೊಳೆದರು. ಯಾರೂ ಹೇಳಿರಲಿಲ್ಲ. ಔಷಧಿಯ ವಾಸನೆ ಹೋಗಿ ಸೀಗೆಕಾಯಿ ವಾಸನೆ ಬಂದಾಗ ಅತ್ತುಬಿಟ್ಟೆ.

ಯರಗಟ್ಟಿ, ಲೋಕಾಪುರ ದಾಟಿಸಿ ಊರಿಗೆ ಕರೆತಂದ ಕಾರಿನ ಹುಡುಗ "ಹಂಪ್ ಬಂತ್ರಿ ಅಕ್ಕೋರ, ಗಟ್ಟಿ ಹಿಡ್ಕೋರಿ" ಅಂತ ಪ್ರತಿ ಹಂಪಿಗೂ ಕೂಗಿ ಹೇಳಿದ. ಹಂಪುಗಳ ಲೆಕ್ಕ ನನಗೆ ತಪ್ಪಿತು, ಅವನಿಗೆ ತಪ್ಪಲಿಲ್ಲ.

ಮುಗಿಯಿತು ಅಂದುಕೊಂಡಿದ್ದೆವು. ಹತ್ತೊಂಬತ್ತನೇ ದಿನ ಚಳಿಜ್ವರ. ಆಸ್ಪತ್ರೆಗೆ ಫೋನ್ ಮಾಡಿದರೆ, ಎತ್ತಿದವರು ಜ್ವರದ ಗುಳಿಗೆ ತಗೊಳ್ಳಿ ಅಂದರು. ನಮ್ಮ ವೈನಿ ಪಟ್ಟಿ ಸರಿಸಿ ನೋಡಿ "ಗುಳಿಗಿ ಸಾಕಾಗೂದಿಲ್ಲ, ಇದು ಕೀವ ಐತಿ" ಅಂದು ಆಗಲೇ ಬ್ಯಾಗ್ ತುಂಬಿದರು. ವೈನಿ ಓದಿದ್ದು ನಾಲ್ಕನೇ ತರಗತಿ. ಅವತ್ತು ರಾತ್ರಿಯೇ ಮತ್ತೆ ಬೆಳಗಾವಿ. ಗಾಯ ಬಿಚ್ಚಿ ತೊಳೆದರು. ಸ್ಕ್ರೂ ತೆಗೆಯುವ ಪ್ರಸಂಗ ಬರಲಿಲ್ಲ, ಅದೇ ಪುಣ್ಯ. ದೊಡ್ಡ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತು ಎಲ್ಲ ಬಿಡಿಸಿ ಹೇಳಿದರು. ಇನ್‌ಫೆಕ್ಷನ್ ಆಗಿದೆ, ಆರು ವಾರ ರಕ್ತನಾಳಕ್ಕೇ ಔಷಧಿ ಹೋಗಬೇಕು, ನಡುವೆ ಬಿಡುವಂತಿಲ್ಲ. ಮುಚ್ಚಿಡದೆ ಹೇಳಿದ್ದಕ್ಕೆ ಅವರಿಗೆ ನಮಸ್ಕಾರ. ತೋಳಿಗೆ ಸಣ್ಣ ನಳಿಗೆ ಹಾಕಿ ಮನೆಗೆ ಕಳಿಸಿದರು.

ನಮ್ಮ ಓಣಿಯಲ್ಲೇ ಇರುವ ಸಿಸ್ಟರ್ ಒಬ್ಬರು ದಿನಾ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಸ್ಕೂಟಿಯಲ್ಲಿ ಬಂದರು. 42 ದಿನ, ದಿನಕ್ಕೆ ಎರಡು, ಒಟ್ಟು 84 ಬಾಟಲಿ. ನಾನು ಗಣಿತದ ಟೀಚರ್, ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾ ಹೋದೆ. ಬಾಟಲಿ ನೇತುಹಾಕೋಕೆ ಸ್ಟ್ಯಾಂಡ್ ಇರಲಿಲ್ಲ. ಪಡಸಾಲೆಯಲ್ಲಿ ಪಂಚಮಿಯ ಜೋಕಾಲಿಗೆ ಅಂತ ಸ್ಲ್ಯಾಬಿಗೆ ಕೊಂಡಿ ಹಾಕಿಸಿದ್ದೆವು. ಸಿಸ್ಟರ್ ಸುತ್ತ ಒಮ್ಮೆ ನೋಡಿ ಅದಕ್ಕೆ ಹಗ್ಗ ಇಳಿಬಿಟ್ಟು ಬಾಟಲಿ ಕಟ್ಟಿದರು. ಹೋಳಿಯ ಬಣ್ಣದಾಟ ನಮ್ಮೂರಲ್ಲಿ ಒಂದು ದಿನಕ್ಕೆ ಮುಗಿಯುವುದಲ್ಲ, ನಿಮಗೆಲ್ಲ ಗೊತ್ತೇ ಇದೆ. ಅಷ್ಟೂ ದಿನ ಅವರು ಹಲಗಿ ಸದ್ದಿನ ನಡುವೆ ಮೈತುಂಬ ಬಣ್ಣ ಬಿದ್ದುಕೊಂಡೇ ಬಂದರು, ಕೈ ಮಾತ್ರ ಮೊಣಕೈವರೆಗೆ ಸ್ವಚ್ಛ.

ನನ್ನ ಏಳನೇ ತರಗತಿ ಹಂಚಿಕೊಂಡ ಸಹೋದ್ಯೋಗಿಗಳಿಗೆ, ನುಚ್ಚು ಮಜ್ಜಿಗೆ ಕಳಿಸಿದ ಎದುರು ಮನೆಯವರಿಗೆ, ಬೈದು ಬೈದು ನಡೆಸಿದ ಫಿಸಿಯೋಥೆರಪಿ ಹುಡುಗನಿಗೆ ಎದುರು ಸಿಕ್ಕಾಗ ಹೇಳುತ್ತೇನೆ. ಯಜಮಾನರ ಬಗ್ಗೆ ಬರೆದರೆ ಅವರಿಗೆ ಸೇರೋದಿಲ್ಲ. ಆದರೂ ಒಂದು ಹೇಳಲೇಬೇಕು. ನಾನು ಬಗ್ಗುವಂತಿಲ್ಲ. ಸೋಮವಾರ ಬೆಳಿಗ್ಗೆ ಅವರು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ನನ್ನ ಇಳಕಲ್ ಸೀರೆಯ ನಿರಿಗೆ ಒಂದೊಂದೇ ಜಗ್ಗಿ ಸರಿಮಾಡಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಪೂರ್ತಿ ಆರಾಮ ಆಗಿಲ್ಲ. ಬಲಗಾಲಿನ ಹೆಬ್ಬೆರಳಿಗೆ ಸ್ಪರ್ಶ ಇಲ್ಲ. ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ. ಮೊದಲ ದಿನವೇ ಒಬ್ಬ ಹುಡುಗ "ಅಕ್ಕೋರ, ನಿಮ್ಮ ಚಪ್ಲಿ ಗೇಟಿನಾಗ ಉಳದಿತ್ರಿ" ಅಂತ ಹಿಡಿದುಕೊಂಡು ಬಂದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಪಂಚಮಿಗೆ ಸಿಸ್ಟರ್ ಮನೆಗೆ ಬರುತ್ತಾರೆ. ಶೇಂಗಾ ಉಂಡಿ ವೈನಿ ಕಟ್ಟುತ್ತಾರೆ. ಮಗಳು ಆಗಲೇ ಅದೇ ಕೊಂಡಿಗೆ ಜೋಕಾಲಿಯ ಹಗ್ಗ ಹಾಕಿದ್ದಾಳೆ. ಯಾರೇ ಜಗಳಕ್ಕೆ ಬಂದರೂ ಮೊದಲು ಕೂರುವವರು ಸಿಸ್ಟರ್. ಜೋರಾಗಿ ಜೀಕಲು ನನ್ನಿಂದ ಆಗುವುದಿಲ್ಲ, ಹಗ್ಗ ಹಿಡಿದು ಮೆಲ್ಲಗೆ ತೂಗುತ್ತೇನೆ.