ಮೇಡಂ ಹೋಗಿ ತಂಗಿ ಬಂದ ನಿಮಿಷ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟೀ,

ಗಂಡಸರನ್ನು ಸಂದರ್ಶಿಸುವ ನಿನ್ನ ಸಂಶೋಧನೆಯ ಪ್ರಶ್ನಾವಳಿ ಓದಿದೆ. ಮಂಡ್ಯದ ಕಬ್ಬು ಬೆಳೆಗಾರರನ್ನು ಕೂರಿಸಿಕೊಂಡು ‘ಗಂಡಸುತನ ಅಂದರೆ ನಿಮಗೆ ಏನು?’ ಅಂತ ಕೇಳುತ್ತೀಯಾ? ಬೇಡ ಕಣೇ. ಅದಕ್ಕೆ ಮೀಸೆ ತಿರುವುವುದು ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ. ಕಬ್ಬಿನ ದುಡ್ಡು ತಡವಾದ ತಿಂಗಳು ಮನೆ ಹೇಗೆ ನಡೆಯಿತು ಅಂತ ಕೇಳು. ಆಮೇಲೆ ಸುಮ್ಮನಿರು. ನಿನಗೆ ಕಷ್ಟವಾಗುವುದು ಅದೇ.

ನನ್ನದೊಂದು ತಪ್ಪು ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ, ಮದ್ದೂರಿನ ಹತ್ತಿರದ ಒಂದು ಹಳ್ಳಿ. ಜಗಲಿಯ ಮೇಲೆ ಯಜಮಾನರು, ಎದುರಿಗೆ ನಾನು, ನಡುವೆ ಟೇಪ್ ರೆಕಾರ್ಡರು. ‘ನನ್ ಮಾತಿಲ್ದೆ ಈ ಮನೇಲಿ ಒಂದ್ ಹುಲ್ಕಡ್ಡೀನೂ ಅಲ್ಲಾಡಕಿಲ್ಲ ಕಣವ್ವ’ ಅಂದರು. ಸಾಲ ಎಷ್ಟಿದೆ ಅಂದೆ. ಒಳಕ್ಕೆ ತಿರುಗಿ ‘ಅಮ್ಮೀ, ಸೊಸೈಟಿದು ಎಷ್ಟು ನಿಂತದೆ?’ ಅಂತ ಕೂಗಿದರು. ಬಾಗಿಲ ಮರೆಯಿಂದ ಅಂಕಿ ಬಂತು, ಬಡ್ಡಿ ಸಮೇತ. ಅದನ್ನೇ ನನ್ನ ಕಡೆ ತಿರುಗಿ ಗತ್ತಿನಿಂದ ಒಪ್ಪಿಸಿದರು. ನಾನು ಬರೆದುಕೊಂಡದ್ದು ಅವರು ಒಪ್ಪಿಸಿದ ಅಂಕಿ ಮಾತ್ರ. ಆ ಕೂಗು, ಆ ಮರೆಯ ದನಿ ಎರಡನ್ನೂ ‘ಅಡಚಣೆ’ ಅಂತ ಬಿಟ್ಟುಬಿಟ್ಟೆ. ಇಡೀ ದಿನದಲ್ಲಿ ನನಗೆ ಸಿಕ್ಕ ನಿಜವಾದ ಮಾಹಿತಿ ಅದೊಂದೇ ಆಗಿತ್ತು!

ಮೈಕಲ್ ಶ್ವಾಲ್ಬಿ, ಮಿಶೆಲ್ ವೋಲ್ಕೊಮಿರ್ ಅಂತ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು 2001ರಲ್ಲಿ ಇದನ್ನು ಬಿಡಿಸಿ ಬರೆದರು. ಸಂದರ್ಶನ ಅನ್ನುವುದು ಗಂಡಸಿಗೆ ಮೆರೆಯುವ ಜಾಗವೂ ಹೌದು, ಅಳುಕಿನ ಜಾಗವೂ ಹೌದು; ಪ್ರಶ್ನೆಯ ಲಗಾಮು ಇನ್ನೊಬ್ಬರ ಕೈಯಲ್ಲಿರುತ್ತದಲ್ಲ. ಅದಕ್ಕೇ ಒಬ್ಬ ಒಂದೇ ಪದದಲ್ಲಿ ಮುಗಿಸುತ್ತಾನೆ, ಒಬ್ಬ ನಿನ್ನನ್ನೇ ಪರೀಕ್ಷೆ ಮಾಡುತ್ತಾನೆ, ಒಬ್ಬ ಸರಸಕ್ಕಿಳಿಯುತ್ತಾನೆ. ನ್ಯೂಯಾರ್ಕ್ ರಾಜ್ಯದಲ್ಲಿ ವಿಚ್ಛೇದನವಾದ 75 ಅಪ್ಪಂದಿರನ್ನು ಮಾತಾಡಿಸಿದ ಸಮಾಜಶಾಸ್ತ್ರಜ್ಞೆ ಟೆರಿ ಅರೆಂಡೆಲ್ ತನ್ನ ಜೊತೆ ಅವರು ಹೇಗೆ ನಡೆದುಕೊಂಡರು ಅನ್ನುವುದನ್ನೂ ಅಧ್ಯಯನದ ವಸ್ತು ಮಾಡಿದಳು. ನಾನು ಕಸ ಅಂತ ಗುಡಿಸಿದ್ದನ್ನು ಅವಳು ಆರಿಸಿಕೊಂಡಳು.

ಆದರೆ ಅವರು ಯಾರಿಗೂ ಇಲ್ಲದ ಒಂದು ಅನುಕೂಲ ನಿನಗಿದೆ, ಕನ್ನಡ. ‘ನೀವು’ ಯಾವ ನಿಮಿಷಕ್ಕೆ ‘ನೀನು’ ಆಯಿತು, ‘ಮೇಡಂ’ ಹೋಗಿ ‘ತಂಗಿ’ ಬಂದದ್ದು ಯಾವ ಪ್ರಶ್ನೆಯ ನಂತರ, ಗುರುತು ಹಾಕಿಕೋ. ಅದು ಸಲಿಗೆಯೋ, ಅಕ್ಕರೆಯೋ, ನಿನ್ನನ್ನು ಕೆಳಗೆ ಕೂರಿಸುವ ಉಪಾಯವೋ? ನಿನ್ನ ಜಾತಿ ಯಾವುದು ಅಂತ ಅವರಿಗೆ ತಿಳಿಯುವ ಮುಂಚೆಯೋ ಆಮೇಲೋ, ಅದನ್ನೂ ನೋಡು. ಇಂಗ್ಲಿಷಿಗೆ ತಂದ ಕೂಡಲೇ ಎಲ್ಲವೂ ಒಂದೇ ‘ಯೂ’ ಆಗಿ ಸಮತಟ್ಟಾಗುತ್ತದೆ. ನಿಮ್ಮ ಗೈಡ್ ಏನೇ ಹೇಳಲಿ, ಸಂದರ್ಶನ ಬರೆದಿಳಿಸಿದ ಮೊದಲ ಪ್ರತಿ ಕನ್ನಡದಲ್ಲೇ ಇರಲಿ.

ಹೆಣ್ಣು ಅನ್ನುವುದು ಬರೀ ತೊಡಕು ಅಂತ ತಿಳಿಯಬೇಡ. ನಿನ್ನ ಜೊತೆಯ ಹುಡುಗ ಹೋದರೆ ‘ನಿಂಗೇ ಗೊತ್ತಲ್ಲ ಗುರು’ ಅಂತ ಮಾತು ನುಂಗುತ್ತಾರೆ, ಅವನೂ ಗೊತ್ತು ಅಂತ ತಲೆಯಾಡಿಸಿ ಬರುತ್ತಾನೆ. ನಿನಗೆ ಬಿಡಿಸಿ ಹೇಳಲೇಬೇಕು.

ಇನ್ನೊಂದು ವಿಷಯ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ 1981ರಲ್ಲಿ ಬರೆದದ್ದನ್ನು ನೀನು ಟಿಪ್ಪಣಿಯಲ್ಲಿ ಹಾಕಿದ್ದೀಯ: ದೂರ ನಿಲ್ಲಬೇಡ, ಅವರು ಕೇಳಿದರೆ ನೀನೂ ಹೇಳು ಅಂತ. ಅವಳು ಬರೆದದ್ದು ಹೆಂಗಸು ಹೆಂಗಸನ್ನು ಮಾತಾಡಿಸುವ ಬಗ್ಗೆ. ಅದೇ ಸ್ನೇಹವನ್ನು ಜಗಲಿಯ ಮೇಲೆ ಬೇರೆ ಥರ ಓದಿಕೊಳ್ಳುವವರಿದ್ದಾರೆ. ಮದುವೆ ಆಗಿದೆಯಾ, ರಾತ್ರಿ ಎಲ್ಲಿ ಉಳಿಯುತ್ತೀಯಾ ಅಂತ ಕೇಳಿದರೆ ಮೊದಲನೆಯದಕ್ಕೆ ನಗು, ಎರಡನೆಯದಕ್ಕೆ ಉತ್ತರ ಕೊಡಬೇಡ. ಯಾರ ಮನೆಗೆ, ಎಷ್ಟು ಹೊತ್ತಿಗೆ ಹೋಗುತ್ತೀ ಅಂತ ನನಗೆ ಮೆಸೇಜ್ ಹಾಕು. ಮೈ ಜುಂ ಅಂದರೆ ಪ್ರಶ್ನೆ ಅರ್ಧಕ್ಕೇ ಬಿಟ್ಟು ಎದ್ದು ಬಾ. ‘ಡೇಟಾ’ ಅಂತ ಸಹಿಸಿಕೊಂಡು ಕೂತರೆ ನಿನಗೆ ಯಾರೂ ಪದಕ ಕೊಡುವುದಿಲ್ಲ, ನನಗಂತೂ ಕೊಟ್ಟಿಲ್ಲ.

ಶುಕ್ರವಾರ ಮಂಡ್ಯಕ್ಕೆ ಹೋಗುವ ಮುಂಚೆ ಇಲ್ಲಿಗೆ ಬಂದು ಹೋಗು. ಆ ಹಳೆಯ ಕ್ಯಾಸೆಟ್ಟು ಅಟ್ಟದ ಡಬ್ಬದಲ್ಲಿದೆ, ಪಕ್ಕದ ಮನೆಯವರ ಹತ್ತಿರ ಪ್ಲೇಯರ್ ಇದೆಯಂತೆ. ಆ ಹೆಂಗಸು ಬಾಗಿಲ ಮರೆಯಿಂದ ಇನ್ನೂ ಏನೇನು ಹೇಳಿದ್ದಳೋ, ಈಗಲಾದರೂ ಕೇಳೋಣ.

ನಿನ್ನ
ಅತ್ತೆ