ಕೇಂದ್ರದ ಜಾಗದ ಹಳೇ ಬಾಕಿ ನಮ್ಮ ತಲೆಗೇಕೆ?

ಮಾನ್ಯರೇ,

ಕೇಂದ್ರ ಇಲಾಖೆಯ ಹಳೇ ವಸತಿಗೃಹಗಳ ಜಾಗವನ್ನು ಹರಾಜಿನಲ್ಲಿ ಕೊಂಡವರಿಗೆ ಖಾತಾ ಸಿಗದಿರುವ ಬಗ್ಗೆ ನಿಮ್ಮ ವರದಿ ಓದಿದೆ. ‘ಶೀಘ್ರ ಬಗೆಹರಿಸುತ್ತೇವೆ’ ಎಂದಿದ್ದಾರೆ ಅಧಿಕಾರಿಗಳು. ಏನೂ ಬಗೆಹರಿದಿಲ್ಲ. ನಿನ್ನೆಯೂ ಖಾತಾ ಕೊಡುವ ಕಚೇರಿಯಿಂದ ಬರಿಗೈಲಿ ವಾಪಸ್ ಬಂದಿದ್ದೇನೆ. ಕ್ರಯಪತ್ರ, ಹರಾಜಿನ ರಸೀದಿ, ಋಣಭಾರ ಪತ್ರ ಎಲ್ಲ ಮುಂದಿಟ್ಟರೆ ಗುಮಾಸ್ತರು ಅವನ್ನು ಪಕ್ಕಕ್ಕೆ ಸರಿಸಿದರು. ಹಾಳೆಯೊಂದರ ಮೇಲೆ ಪೆನ್ಸಿಲ್‌ನಲ್ಲಿ ಹಳೇ ವರ್ಷಗಳ ತೆರಿಗೆ, ಬಡ್ಡಿ, ಗ್ರಂಥಾಲಯ ಕರ, ಭಿಕ್ಷುಕರ ಕರ ಕೂಡಿಸಿ, ‘ಇದನ್ನು ಕಟ್ಟಿ, ಆಮೇಲೆ ಖಾತಾ ನೋಡೋಣ’ ಎಂದರು. ಸಹಿಯಿಲ್ಲ, ಮೊಹರಿಲ್ಲ. ಬರೆದು ಕೊಡಿ ಎಂದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರಂತೆ.

ಆ ವರ್ಷಗಳಲ್ಲಿ ಜಾಗ ಕೇಂದ್ರ ಸರ್ಕಾರದ್ದು. ಸಂಸತ್ತು ಬೇರೆ ಕಾನೂನು ಮಾಡದ ಹೊರತು ಕೇಂದ್ರದ ಆಸ್ತಿಗೆ ರಾಜ್ಯವಾಗಲೀ ಸ್ಥಳೀಯ ಸಂಸ್ಥೆಯಾಗಲೀ ತೆರಿಗೆ ಹಾಕುವಂತಿಲ್ಲ ಎನ್ನುತ್ತದೆ ಸಂವಿಧಾನದ 285ನೇ ವಿಧಿ. ರಸ್ತೆ, ನೀರು, ಚರಂಡಿ ಒದಗಿಸಿದ್ದಕ್ಕೆ ಸೇವಾ ಶುಲ್ಕ ಕೇಳಬಹುದು. ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಅದರ ಲೆಕ್ಕ ತೀರ್ಮಾನವಾಗಿದೆ: ಸೌಕರ್ಯ ಪೂರ್ತಿ ಇದ್ದರೆ ಆಸ್ತಿ ತೆರಿಗೆಯ ಶೇ 75, ಅರೆಬರೆ ಇದ್ದರೆ ಶೇ 50, ಏನೂ ಇಲ್ಲದಿದ್ದರೆ ಮೂರನೇ ಒಂದು ಭಾಗ. ಅದನ್ನು ಕೇಳಬೇಕಾದದ್ದು ಅಂದಿನ ಮಾಲೀಕರನ್ನು. ಅಷ್ಟು ವರ್ಷ ದೆಹಲಿಗೆ ಒಂದು ಪತ್ರ ಬರೆಯದವರಿಗೆ ಈಗ ನಮ್ಮ ಜೇಬು ಕಂಡಿದೆ. ಅಮೆರಿಕದಲ್ಲಿ ಓಹಿಯೊ ರಾಜ್ಯ ರಚನೆಗೆ ಮಾಡಿದ 1802ರ ಕಾಯ್ದೆಯಲ್ಲಿ, ಕೇಂದ್ರ ಮಾರಿದ ಜಮೀನಿಗೆ ಮಾರಾಟದ ದಿನದಿಂದ ಐದು ವರ್ಷ ರಾಜ್ಯ ತೆರಿಗೆ ಹಾಕಬಾರದೆಂಬ ಷರತ್ತಿತ್ತು. ನಾವು ಅಷ್ಟನ್ನೂ ಕೇಳುತ್ತಿಲ್ಲ, ಕೊಂಡ ದಿನದಿಂದಲೇ ಕಟ್ಟುತ್ತೇವೆ.

ಖಾತಾ ಇಲ್ಲದೆ ಪ್ಲಾನ್ ಮಂಜೂರಾಗುವುದಿಲ್ಲ, ಪ್ಲಾನ್ ಇಲ್ಲದೆ ಬ್ಯಾಂಕ್ ಸಾಲದ ಹಣ ಬಿಡುವುದಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಎಂದು ಅದರ ಮಾಲೀಕರು ದಿನಾ ಬಾಗಿಲು ಬಡಿಯುತ್ತಾರೆ. ಮಂಡಿನೋವಿನ ತಾಯಿಯನ್ನು ಆ ಮನೆಯ ಮೆಟ್ಟಿಲು ಹತ್ತಿಸಿ ಇಳಿಸಿ ಸಾಕಾಗಿದೆ.

ಒಳಚರಂಡಿಗೆಂದು ಇದೇ ಕಚೇರಿಯವರು ಅಗೆದ ರಸ್ತೆ ಇನ್ನೂ ಹಾಗೇ ಇದೆ. ಬೀದಿದೀಪದ ಅರ್ಜಿ ಎಲ್ಲಿ ಹೋಯಿತೋ! ತೆರಿಗೆ ಕಟ್ಟಿ ರಸೀದಿ ಇಟ್ಟುಕೊಂಡವರಿಗೂ ಕಂಪ್ಯೂಟರ್‌ನಲ್ಲಿ ಬಾಕಿ ತೋರಿಸುತ್ತಾರೆ. ಕೇಳಿದರೆ ಸರ್ವರ್ ಮೇಲೆ ಹಾಕುತ್ತಾರೆ.

ಹಳೇ ಬಾಕಿಯನ್ನು ಮನ್ನಾ ಮಾಡುತ್ತಾರೋ, ಕೇಂದ್ರದಿಂದ ವಸೂಲಿ ಮಾಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ನಮ್ಮ ಖಾತಾ ಕೊಡಲಿ. ಆಯುಕ್ತರು ಒಮ್ಮೆ ಕೌಂಟರ್‌ಗೆ ಬಂದು ನೋಡಲಿ. ಕಾನೂನು ಓದದೆ ಜನರನ್ನು ಹೀಗೆ ಅಲೆಸುವವರಿಗೆ ನಾಚಿಕೆಯಾಗಬೇಕು.

– ನೊಂದ ನಿವೇಶನದಾರ